ಕ್ಯಾಲ್ಗರಿ, ಡಬ್ಲಿನ್, ಮೆಲ್ಬರ್ನ್: ಹವಾಮಾನ ನೋಡಿ ಯಾವುದಕ್ಕೆ ಹೋಗಲಿ?

ಮೂರುದಾರಿ:
ಎಲ್ಲರಿಗೂ ನಮಸ್ಕಾರ. ಕೆನಡಾದ ಕ್ಯಾಲ್ಗರಿ, ಐರ್ಲೆಂಡಿನ ಡಬ್ಲಿನ್, ಆಸ್ಟ್ರೇಲಿಯಾದ ಮೆಲ್ಬರ್ನ್, ಈ ಮೂರು ಊರುಗಳಲ್ಲಿ ಕೆಲಸ ಹೆಚ್ಚೂಕಡಿಮೆ ಗಟ್ಟಿಯಾಗಿದೆ. ಸಂಬಳ, ವೀಸಾ, ಶಾಲೆ ಎಲ್ಲ ತೂಗಿ ನೋಡಿದೆ, ಒಂದು ಇನ್ನೊಂದಕ್ಕಿಂತ ಮೇಲು ಅನ್ನಿಸಲಿಲ್ಲ. ಹಾಗಾಗಿ ಹವಾಮಾನ ನೋಡಿ ತೀರ್ಮಾನ ಮಾಡೋಣ ಅಂತ ಕೂತಿದ್ದೇನೆ.

ನಾವು ನಾಲ್ವರು. ನಾನು, ಹೆಂಡತಿ, ಆರು ವರ್ಷದ ಮಗಳು, 68 ವರ್ಷದ ಅಮ್ಮ. ಯಾರೂ ಇದುವರೆಗೆ ಹಿಮ ಕಂಡವರಲ್ಲ. ಹೆಂಡತಿಗೆ ಸ್ವಲ್ಪ ಉಬ್ಬಸ ಇದೆ. ಅಮ್ಮನಿಗೆ ಬೆಳಿಗ್ಗೆ ಒಂದು ಗಂಟೆ ನಡೆಯದಿದ್ದರೆ ದಿನವೇ ಸರಿಹೋಗುವುದಿಲ್ಲ.

ಒಂದು ಎಕ್ಸೆಲ್ ಹಾಳೆ ಮಾಡಿದ್ದೇನೆ. ವರ್ಷದ ಸರಾಸರಿ ಉಷ್ಣಾಂಶ ಮೆಲ್ಬರ್ನ್‌ನಲ್ಲಿ 15 ಡಿಗ್ರಿ ಆಸುಪಾಸು, ಡಬ್ಲಿನ್‌ನಲ್ಲಿ 10, ಕ್ಯಾಲ್ಗರಿಯಲ್ಲಿ 5 ಕೂಡ ಇಲ್ಲ. ವರ್ಷದ ಮಳೆ ಡಬ್ಲಿನ್‌ನಲ್ಲಿ ಸುಮಾರು 750 ಮಿ.ಮೀ., ಮೆಲ್ಬರ್ನ್‌ನಲ್ಲಿ 600ರ ಹತ್ತಿರ, ಕ್ಯಾಲ್ಗರಿಯಲ್ಲಿ 400ರ ಹತ್ತಿರ. ಹತ್ತಕ್ಕೆ ಅಂಕ ಕೊಟ್ಟೆ. ಮೆಲ್ಬರ್ನ್‌ಗೆ 8, ಡಬ್ಲಿನ್‌ಗೆ 6, ಕ್ಯಾಲ್ಗರಿಗೆ 2. ಲೆಕ್ಕ ಸರಿ ಇದೆಯಾ? ಅಲ್ಲಿ ಇದ್ದವರು ಹೇಳಿ.

ಸುಮ್ನೆಬಂದೆ:
ಕ್ಯಾಲ್ಗರಿಗೆ 2 ಅಂಕ ಯಾಕೆ ಕೊಟ್ಟಿರಿ? ಕೈಬರಹಕ್ಕಾ?

ಚಳಿಪುರಾಣ:
ನಾನು ನಾಲ್ಕು ವರ್ಷ ಕೆನಡಾದ್ದೇ ಆದ ವಿನ್ನಿಪೆಗ್, ಈಗ ಎಂಟು ವರ್ಷದಿಂದ ಕ್ಯಾಲ್ಗರಿ. ಆ 2 ಅಂಕ ನೋಡಿ ಹೊಟ್ಟೆ ಉರಿಯಿತು. ಸಂಜೆ ಕೂತು ಬರೆಯುತ್ತೇನೆ.

ಅಂಕಿಅಕ್ಕ:
ಮೂರುದಾರಿ ಅವರೇ, ಹವಾಮಾನದ ಅಂಕಿಗಳ ಜೊತೆ ಕೆಲಸ ಮಾಡಿ ಬದುಕುವವಳು ನಾನು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಹಾಳೆಯ ಮೊದಲ ಸಾಲನ್ನೇ ಅಳಿಸಿಬಿಡಿ. ವರ್ಷದ ಸರಾಸರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೀಜಿಂಗ್ ತಗೊಳ್ಳಿ. ವರ್ಷದ ಸರಾಸರಿಯಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ. ಆದರೆ ಬೀಜಿಂಗ್‌ನಲ್ಲಿ ಜನವರಿ ಸೊನ್ನೆಗಿಂತ ಕೆಳಗೆ, ಜುಲೈ 27ರ ಸುತ್ತ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಷವಿಡೀ ಅದೇ ಸ್ವೆಟರ್. ಅಲ್ಲಿ ಜುಲೈಯಲ್ಲಿ ಮಂಜು ಮುಸುಕಿ ನಡುಗುತ್ತಾರೆ, ಬೆಚ್ಚಗಿನ ತಿಂಗಳು ಬರುವುದು ಸೆಪ್ಟೆಂಬರ್‌ನಲ್ಲಿ. ಕರಾವಳಿಯ ತಣ್ಣನೆ ಸಮುದ್ರದ ಕೆಲಸ ಅದು. ಒಂದೂವರೆ ಗಂಟೆ ಒಳನಾಡಿಗೆ ಕಾರು ಓಡಿಸಿದರೆ ಅದೇ ದಿನ 35 ಡಿಗ್ರಿ.

ಮಳೆಯ ಸಾಲೂ ಅಷ್ಟೇ. ಲಂಡನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ನ್ಯೂಯಾರ್ಕ್‌ನಲ್ಲಿ ಅದರ ಎರಡರಷ್ಟು. ಆದರೂ ಮಳೆ ಊರು ಅನ್ನುವ ಹೆಸರು ಲಂಡನ್‌ಗೆ. ಯಾಕಂದರೆ ಒಂದು ಕಡೆ ಧೋ ಅಂತ ಸುರಿದು ನಿಲ್ಲುತ್ತದೆ, ಇನ್ನೊಂದು ಕಡೆ ದಿನವಿಡೀ ಜಿಟಿಜಿಟಿ. ಎಷ್ಟು ಮಿ.ಮೀ. ಅಂತ ಕೇಳಬೇಡಿ. ಎಷ್ಟು ದಿನ, ದಿನದ ಎಷ್ಟು ಹೊತ್ತು ಅಂತ ಕೇಳಿ. ಅದಕ್ಕಿಂತ ಮುಖ್ಯ, ವರ್ಷದಲ್ಲಿ ಎಷ್ಟು ಗಂಟೆ ಬಿಸಿಲು ಅಂತ ನೋಡಿ. ಕ್ಯಾಲ್ಗರಿಯಲ್ಲಿ ಸುಮಾರು 2,400 ಗಂಟೆ. ಮೆಲ್ಬರ್ನ್ 2,200ರ ಮೇಲೆ. ಡಬ್ಲಿನ್ 1,500 ಮುಟ್ಟುವುದೇ ಕಷ್ಟ.

ಅಂಕಿ ತಗೊಳ್ಳುವಾಗ ಇನ್ನೊಂದು ಎಚ್ಚರ. 1991ರಿಂದ 2020ರವರೆಗಿನ ಮೂವತ್ತು ವರ್ಷದ ಲೆಕ್ಕ ಸಿಗುತ್ತದೆ, ಅದನ್ನೇ ನೋಡಿ. ಪ್ರವಾಸದ ಜಾಲತಾಣಗಳು ಇನ್ನೂ 1961–1990ರ ಪಟ್ಟಿ ಇಟ್ಟುಕೊಂಡು ಕೂತಿರುತ್ತವೆ. ಅಷ್ಟೇ ಅಲ್ಲ, ಆ ಉಷ್ಣಾಂಶ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಬಹಳ ಊರುಗಳಲ್ಲಿ ಅದು ಇರುವುದು ವಿಮಾನ ನಿಲ್ದಾಣದಲ್ಲಿ. ನೀವು ಮನೆ ಮಾಡುವ ಬೀದಿ ಬೇರೆಯದೇ ಇರುತ್ತದೆ.

ಮೂರುದಾರಿ:
ಅಕ್ಕ, ಅಳಿಸಿದೆ. ಆದರೆ ಒಂದು ಅನುಮಾನ. ಭೂಪಟದಲ್ಲಿ ಹವಾಮಾನದ ಬಣ್ಣ ಹಚ್ಚಿರುತ್ತಾರಲ್ಲ, ಅದರಲ್ಲಿ ಡಬ್ಲಿನ್‌ಗೂ ಮೆಲ್ಬರ್ನ್‌ಗೂ ಒಂದೇ ಬಣ್ಣ ಇದೆ. ಅಂದರೆ ಎರಡೂ ಒಂದೇ ಥರವಾ?

ಅಂಕಿಅಕ್ಕ:
ಅದು ಕೊಪ್ಪೆನ್ ಅನ್ನುವವರು 1884ರಲ್ಲಿ ಶುರು ಮಾಡಿದ ವಿಂಗಡಣೆ. ಎರಡೂ ಊರು ಅದರಲ್ಲಿ 'ಸಿಎಫ್‌ಬಿ'. ತೀರಾ ಚಳಿಯೂ ಇಲ್ಲ, ಒಣ ಋತುವೂ ಇಲ್ಲ, ಬೇಸಿಗೆ ಹದವಾಗಿರುತ್ತದೆ ಅಂತ ಅರ್ಥ. ಅವರು ಗಮನ ಇಟ್ಟಿದ್ದು ಗಿಡಮರಗಳ ಮೇಲೆ. ಎಲ್ಲಿ ಏನು ಬೆಳೆಯುತ್ತದೆ ಅಂತ ತಿಳಿಯಲು ಅದು ಒಳ್ಳೆಯದು. ನಿಮ್ಮ ಅಮ್ಮ ಅಲ್ಲಿ ಹೇಗಿರುತ್ತಾರೆ ಅನ್ನುವುದಕ್ಕೆ ಅಲ್ಲ.

ದಕ್ಷಿಣಗಾಳಿ:
ಹ್ಹ, ಒಂದೇ ಬಣ್ಣ! ಮೆಲ್ಬರ್ನ್‌ನಲ್ಲಿ 2009ರ ಫೆಬ್ರುವರಿ 7ರಂದು 46.4 ಡಿಗ್ರಿ ಆಗಿತ್ತು. ಡಬ್ಲಿನ್‌ನಲ್ಲಿ 26 ಆದರೆ ಸುದ್ದಿ.

ನಾನು ಹನ್ನೊಂದು ವರ್ಷದಿಂದ ಮೆಲ್ಬರ್ನ್. ಊರು ನನಗೆ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇಲ್ಲಿಗೆ ಬರುವವರು ಎರಡು ವಿಷಯದಲ್ಲಿ ಮೋಸ ಹೋಗುತ್ತಾರೆ.

ಒಂದು, ಬೇಸಿಗೆಯ ಬದಲಾವಣೆ. ಉತ್ತರದ ಮರುಭೂಮಿ ಕಡೆಯಿಂದ ಗಾಳಿ ಬೀಸಿದರೆ 40 ಡಿಗ್ರಿ. ಸಂಜೆ ಗಾಳಿ ದಕ್ಷಿಣಕ್ಕೆ ತಿರುಗಿತು ಅಂದರೆ ಸಮುದ್ರದ ತಂಪು ನುಗ್ಗಿ ಗಂಟೆಯೊಳಗೆ 15 ಡಿಗ್ರಿ ಇಳಿದಿರುತ್ತದೆ. ಮಧ್ಯಾಹ್ನ ಫ್ಯಾನು, ರಾತ್ರಿ ಕಂಬಳಿ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಎರಡು, ಚಳಿಗಾಲ. ಜುಲೈಯಲ್ಲಿ ಹಗಲು 14, ರಾತ್ರಿ 6–7. ಇದೇನು ಮಹಾ ಚಳಿ ಅಂತ ನಾನೂ ನಕ್ಕಿದ್ದೆ. ನಮ್ಮ ಮೊದಲ ಬಾಡಿಗೆ ಮನೆಯ ಕಿಟಕಿಗೆ ಒಂದೇ ಪದರ ಗಾಜು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು, ಗೋಡೆಯೊಳಗೆ ಏನೂ ಇಲ್ಲ. ಬೆಳಿಗ್ಗೆ ಮಲಗುವ ಕೋಣೆಯಲ್ಲಿ 11 ಡಿಗ್ರಿ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆ ಮಾಲೀಕರಿಗೆ ಹೇಳಿದರೆ ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ ಅಂದರು. ಹೊಸ ಮನೆಗಳು ವಾಸಿ, ಹಳೆಯವು ಲಾಟರಿ. ಮನೆ ನೋಡಲು ಹೋದಾಗ ಅಡುಗೆಮನೆ ಹೊಗಳುವ ಮುಂಚೆ ಕಿಟಕಿ ಗಾಜು ಮುಟ್ಟಿ ನೋಡಿ.

ನ್ಯೂಜಿಲೆಂಡ್‌ನಲ್ಲೂ ಇದೇ ಗೋಳು ಇತ್ತು. ಅಲ್ಲಿ 2019ರಲ್ಲಿ ಕಾನೂನೇ ತಂದರು, ಬಾಡಿಗೆ ಮನೆಯ ಹಜಾರವನ್ನು 18 ಡಿಗ್ರಿಗೆ ಏರಿಸಬಲ್ಲ ಹೀಟರ್ ಮಾಲೀಕರೇ ಕೊಡಬೇಕು ಅಂತ.

ಚಳಿಪುರಾಣ:
ಈಗ ಬಂದೆ. ದಕ್ಷಿಣಗಾಳಿ ಅವರು ನನ್ನ ಕೆಲಸ ಅರ್ಧ ಮುಗಿಸಿದ್ದಾರೆ. ಚಳಿ ಊರಿನ ಗುಟ್ಟು ಇದೇ: ಹೊರಗೆ ಎಷ್ಟು ಚಳಿಯೋ ಮನೆಯೊಳಗೆ ಅಷ್ಟು ಬೆಚ್ಚಗೆ. ಕ್ಯಾಲ್ಗರಿಯಲ್ಲಿ ಹೊರಗೆ ಮೈನಸ್ 25 ಇದ್ದ ದಿನ ನನ್ನ ಮಗ ಒಳಗೆ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿರುತ್ತಾನೆ. ಮನೆ ಕಟ್ಟಿರುವುದೇ ಚಳಿಗೆ.

ಹಾಗಂತ ಸಕ್ಕರೆ ಸವರಿ ಹೇಳುವುದಿಲ್ಲ. ಜನವರಿ ಸರಾಸರಿ ಮೈನಸ್ 7 ಹತ್ತಿರ. ಪ್ರತಿ ವರ್ಷ ಒಂದೆರಡು ವಾರ ಮೈನಸ್ 25, 30ರ ಬಾಧೆ ಇದ್ದೇ ಇರುತ್ತದೆ. ಅದರ ಮೇಲೆ ಗಾಳಿ. ಮೈನಸ್ 10 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ ಮೈಗೆ ಅದು ಮೈನಸ್ 20. ಹವಾಮಾನ ವರದಿಯಲ್ಲಿ ಎರಡು ಅಂಕಿ ಹೇಳುತ್ತಾರೆ. ಇಲ್ಲಿಯ ಜನ ನೋಡುವುದು ಎರಡನೆಯದನ್ನ.

ಆದರೆ ಇಲ್ಲೊಂದು ವಿಚಿತ್ರ ಇದೆ, ಚಿನೂಕ್ ಅಂತ. ಪೆಸಿಫಿಕ್ ಕಡೆಯ ತೇವದ ಗಾಳಿ ರಾಕಿ ಬೆಟ್ಟ ಹತ್ತುವಾಗ ತನ್ನ ನೀರನ್ನೆಲ್ಲ ಆ ಕಡೆಯೇ ಸುರಿದುಬಿಡುತ್ತದೆ. ಒಣಗಿದ ಗಾಳಿ ಈ ಕಡೆ ಇಳಿಯುವಾಗ ಅದುಮಿಸಿಕೊಂಡು ಬಿಸಿಯಾಗುತ್ತದೆ, ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ. ಪಶ್ಚಿಮದ ಆಕಾಶದಲ್ಲಿ ಕಮಾನಿನ ಹಾಗೆ ಮೋಡ, ಅದರ ಕೆಳಗೆ ನೀಲಿ ಪಟ್ಟಿ. ಅದು ಕಂಡರೆ ಬೀದಿಯವರೆಲ್ಲ ಖುಷಿ. ಬೆಳಿಗ್ಗೆ ಮೈನಸ್ 15, ಮಧ್ಯಾಹ್ನ ಪ್ಲಸ್ 5. ಹಿಮ ಕಣ್ಣೆದುರೇ ಮಾಯ. ವಿನ್ನಿಪೆಗ್‌ನಲ್ಲಿ ಈ ಬಿಡುವು ಇಲ್ಲ. ನವೆಂಬರ್‌ನಲ್ಲಿ ಬಿದ್ದ ಹಿಮ ಮಾರ್ಚ್‌ವರೆಗೆ ನಮ್ಮ ಜೊತೆಗೇ ಸಂಸಾರ ಮಾಡುತ್ತದೆ. ಅಲ್ಲಿ ಕಾರಿನ ಎಂಜಿನ್‌ಗೂ ರಾತ್ರಿ ಕರೆಂಟು ಕೊಟ್ಟು ಬೆಚ್ಚಗೆ ಮಲಗಿಸಬೇಕು.

ಅದಕ್ಕೇ ಹೇಳುವುದು, 'ಕೆನಡಾ ಚಳಿ' ಅಂತ ಒಂದೇ ಚಳಿ ಇಲ್ಲ. ವ್ಯಾಂಕೂವರ್‌ನಲ್ಲಿ ಜನವರಿಯೂ ಸೊನ್ನೆಗಿಂತ ಮೇಲೆ, ಆದರೆ ತಿಂಗಳುಗಟ್ಟಲೆ ಮೋಡ. ಇಲ್ಲಿ ಚಳಿ ಜಾಸ್ತಿ, ಆದರೆ ಆಕಾಶ ತೊಳೆದಿಟ್ಟ ಹಾಗೆ. ಯಾವುದು ನಿಮಗೆ ಆಗಿಬರುತ್ತದೆ ಅನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಹಳೇಛತ್ರಿ:
ಡಬ್ಲಿನ್‌ನಲ್ಲಿ ಒಂಬತ್ತು ವರ್ಷ. ಎಲ್ಲರೂ ನಮ್ಮೂರನ್ನು ಬಿಟ್ಟು ಮಾತಾಡುತ್ತಿದ್ದೀರಿ, ಅದೂ ಸರಿಯೇ. ಇಲ್ಲಿ ಹೇಳುವಂಥ ಹವಾಮಾನವೇ ಇಲ್ಲ ನೋಡಿ! ಜನವರಿ 5, ಜುಲೈ 15–16. ಮುಗಿಯಿತು. ಸುಡುವುದೂ ಇಲ್ಲ, ಹೆಪ್ಪುಗಟ್ಟುವುದೂ ಇಲ್ಲ. ಹಿಮದಿಂದ ಊರು ಪೂರ್ತಿ ನಿಂತದ್ದು ನಾನು ಕಂಡಂತೆ 2018ರ ಮಾರ್ಚ್‌ನಲ್ಲಿ ಒಮ್ಮೆ. ಬೀರುವಿನಲ್ಲಿ ಬೇಸಿಗೆ ಬಟ್ಟೆ, ಚಳಿಗಾಲದ ಬಟ್ಟೆ ಅಂತ ಎರಡು ಗೂಡು ಇಲ್ಲ. ಹನ್ನೆರಡು ತಿಂಗಳೂ ಅದೇ ಜಾಕೆಟ್.

ಮಳೆ ಬಗ್ಗೆ ಹೆದರಿಸುವವರು ಜಾಸ್ತಿ. ಒಂದು ಮಿ.ಮೀ.ಗಿಂತ ಹೆಚ್ಚು ಬೀಳುವ ದಿನ ವರ್ಷಕ್ಕೆ 120ರ ಮೇಲೆ, ನಿಜ. ಆದರೆ ಅದರಲ್ಲಿ ಬಹುಪಾಲು ತುಂತುರು. ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಹೋಲಿಸಿದರೆ ಡಬ್ಲಿನ್ ಒಣ ಊರು. ಛತ್ರಿ ತರಬೇಡಿ, ಗಾಳಿಗೆ ತಿರುಗಿಕೊಳ್ಳುತ್ತದೆ. ಟೋಪಿ ಇರುವ ಜಾಕೆಟ್ ತನ್ನಿ. ಇಲ್ಲಿಯ ಮಕ್ಕಳು ಮಳೆ ಅಂತ ಆಟ ನಿಲ್ಲಿಸುವುದಿಲ್ಲ. ನಿಮ್ಮ ಅಮ್ಮ ವರ್ಷದ 365 ದಿನವೂ ನಡೆಯಬಹುದಾದ ಊರು ಈ ಮೂರರಲ್ಲಿ ಇದೊಂದೇ.

ಆರುಗಂಟೆಹಗಲು:
ಹಳೇಛತ್ರಿ ಅವರೇ, ಬೆಳಕಿನ ಮಾತು ಬಿಟ್ಟಿರಲ್ಲ?

ನಾನು ಹೆಲ್ಸಿಂಕಿಯಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ನಮ್ಮ ಹಗಲು ಆರು ಗಂಟೆ ತುಂಬುವುದಿಲ್ಲ. ಡಬ್ಲಿನ್‌ನಲ್ಲಿ ಏಳೂವರೆ. ಮಗು ಶಾಲೆಗೆ ಹೊರಡುವಾಗ ಮಸುಕು, ನೀವು ಕೆಲಸ ಮುಗಿಸಿ ಬರುವಾಗ ಕತ್ತಲು. ಅದರ ಮೇಲೆ ಮೋಡ. ಮೊದಲ ವರ್ಷ ನನಗೆ ಚಳಿ ಏನೂ ಅನ್ನಿಸಲಿಲ್ಲ. ಎರಡನೇ ವರ್ಷ ನವೆಂಬರ್ ಬಂದ ಕೂಡಲೇ ನಿದ್ದೆ ಜಾಸ್ತಿ, ಯಾರ ಜೊತೆಗೂ ಮಾತು ಬೇಡ, ಸುಮ್ನೆ ಗೋಡೆ ನೋಡುತ್ತಾ ಕೂರುವುದು. ಸೋಮಾರಿತನ ಅಂತ ನನ್ನನ್ನೇ ಬೈದುಕೊಂಡೆ. ಇದಕ್ಕೆ ಹೆಸರಿದೆ, ಚಿಕಿತ್ಸೆ ಇದೆ ಅಂತ ವೈದ್ಯರು ಹೇಳಿದ ಮೇಲೆಯೇ ಗೊತ್ತಾದದ್ದು. ಬೆಳಿಗ್ಗೆ ಎದ್ದ ಕೂಡಲೇ ಪ್ರಖರ ದೀಪದ ಮುಂದೆ ಅರ್ಧ ಗಂಟೆ ಕೂರುತ್ತೇನೆ. ನನಗೆ ಅದು ಕೆಲಸ ಮಾಡಿದೆ.

ಇನ್ನೊಂದು, ವಿಟಮಿನ್ ಡಿ. ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳುವುದನ್ನು ಯೋಚಿಸಿ ಅನ್ನುವುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ. ನಮ್ಮ ಹಾಗೆ ಕಪ್ಪು, ಕಂದು ಮೈಬಣ್ಣದವರಿಗೆ ವರ್ಷವಿಡೀ. ಊರು ಯಾವುದೇ ಆಗಲಿ, ಹೋದ ಮೇಲೆ ವೈದ್ಯರನ್ನು ಮೊದಲು ಕೇಳಬೇಕಾದ್ದು ಇದನ್ನೇ.

ಹಳೇಛತ್ರಿ:
ಕತ್ತಲು ಇದೆ, ಒಪ್ಪಿದೆ. ಆದರೆ ಕ್ಯಾಲ್ಗರಿ ಏನು ಭೂಮಧ್ಯರೇಖೆ ಮೇಲೆ ಇದೆಯಾ? ಅಲ್ಲೂ ಡಿಸೆಂಬರ್ ಹಗಲು ಎಂಟು ಗಂಟೆ ಮುಟ್ಟುವುದಿಲ್ಲ. ಲಂಡನ್ನಿನ ಅಕ್ಷಾಂಶವೇ ಅದು, 51 ಡಿಗ್ರಿ.

ಚಳಿಪುರಾಣ:
ಇರುವ ಎಂಟು ಗಂಟೆಯೂ ಬಿಸಿಲು, ಸ್ವಾಮಿ. ಹಿಮದ ಮೇಲೆ ಬಿದ್ದು ಕಣ್ಣು ಕೋರೈಸುತ್ತದೆ. ಜನವರಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಾರು ಓಡಿಸುತ್ತೇವೆ.

ಬಿಸಿಲುಗುದುರೆ:
ಎಂಟು ವರ್ಷ ದುಬೈ, ಆಮೇಲೆ ಲಂಡನ್. ಮೂರೂ ಊರು ನಾನು ಕಂಡಿಲ್ಲ, ಆದರೂ ಬಾಯಿ ಹಾಕುತ್ತೇನೆ. ಸೆಖೆ ಊರಿನವರು ಅನ್ನುವುದು ಒಂದೇ: 'ನಮಗೆ ಬಿಸಿಲು ಅಭ್ಯಾಸ, ಚಳಿ ಆಗಲ್ಲ.' ನಾನೂ ಹಾಗೇ ಅಂದುಕೊಂಡು ದುಬೈಗೆ ಹೋದವನು. ಅಲ್ಲಿ ಆಗಸ್ಟ್‌ನಲ್ಲಿ ಹಗಲು 41–42, ರಾತ್ರಿ 30. ಸಮುದ್ರದ ತೇವ ಬೇರೆ. ಕಾರಿನಿಂದ ಇಳಿದರೆ ಕನ್ನಡಕ ಮಂಜಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸಿದೆ. ಮಕ್ಕಳು ನಾಲ್ಕು ತಿಂಗಳು ಮನೆಯೊಳಗೆ. ಕೆನಡಾದವರಿಗೆ ಚಳಿಗಾಲ ಹೇಗೋ ಅವರಿಗೆ ಬೇಸಿಗೆ ಹಾಗೆ.

ಆಮೇಲೆ ಲಂಡನ್‌ಗೆ ಬಂದೆ, ಇನ್ನು ಸೆಖೆಯ ಕಾಟ ತಪ್ಪಿತು ಅಂತ. 2022ರ ಜುಲೈ 19ರಂದು ಬ್ರಿಟನ್ ಮೊದಲ ಸಲ 40 ದಾಟಿತು. ದುಬೈಯಲ್ಲಿ 42ರಲ್ಲಿ ಹಾಯಾಗಿ ಮಲಗಿದವನು ಆ ರಾತ್ರಿ ಒದ್ದೆ ಟವೆಲ್ ಹೊದ್ದು ಕೂತಿದ್ದೆ. ಎಸಿ ಇಲ್ಲ. ಮನೆ ಶಾಖ ಹಿಡಿದಿಡಲು ಕಟ್ಟಿದ್ದು, ಬಿಡುವುದೇ ಇಲ್ಲ. ಅದರ ಹಿಂದಿನ ವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿಗಾಳಿಗೆ 619 ಜನ ತೀರಿಕೊಂಡರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮನೆಯೊಳಗೇ ಇದ್ದವರು, ಬಹಳ ಮಂದಿ ವಯಸ್ಸಾದವರು. ಮೂರುದಾರಿ ಸರ್, ಆ ಊರಲ್ಲಿ ಎಷ್ಟು ಡಿಗ್ರಿ ಆಗುತ್ತದೆ ಅಂತ ಮಾತ್ರ ಕೇಳಬೇಡಿ. ಆ ಊರಿನ ಮನೆ ಯಾವ ಡಿಗ್ರಿಗೆ ಕಟ್ಟಿದ್ದು ಅಂತಲೂ ಕೇಳಿ.

ಸುಮ್ನೆಬಂದೆ:
ಎಲ್ಲ ಓದಿ ಈಗ ನನಗೆ ಎಲ್ಲಿಗೂ ಹೋಗುವುದು ಬೇಡ ಅನ್ನಿಸುತ್ತಿದೆ. ಸಿಂಗಾಪುರಕ್ಕೆ ಹೋಗಬಾರದಾ? ಚಳಿ ಇಲ್ಲ, ಕತ್ತಲಿಲ್ಲ.

ಅಂಕಿಅಕ್ಕ:
ಚಳಿ ಇಲ್ಲ, ಬೇಸಿಗೆಯೂ ಮುಗಿಯುವುದಿಲ್ಲ. ಅಲ್ಲಿ ನೋಡಬೇಕಾದ ಅಂಕಿ ಇಬ್ಬನಿ ಬಿಂದು. ಗಾಳಿಯಲ್ಲಿರುವ ನೀರು ಯಾವ ಉಷ್ಣಾಂಶಕ್ಕೆ ಇಳಿದರೆ ಹನಿಗಟ್ಟುತ್ತದೆ ಅನ್ನುವ ಲೆಕ್ಕ. 15ರ ಒಳಗಿದ್ದರೆ ಹಾಯಿ, 20 ದಾಟಿದರೆ ಅಂಟಂಟು, 24 ಅಂದರೆ ಬೆವರು ಒಣಗುವುದೇ ಇಲ್ಲ. ಸಿಂಗಾಪುರ ವರ್ಷವಿಡೀ 24ರ ಸುತ್ತ. ಶೇಕಡಾವಾರು ತೇವಾಂಶ ನೋಡಿ ಹೋಲಿಸಬೇಡಿ, ಅದು ದಾರಿ ತಪ್ಪಿಸುತ್ತದೆ. ಜನವರಿಯ ಡಬ್ಲಿನ್‌ನಲ್ಲೂ ಶೇ 85 ತೇವಾಂಶ ಇರುತ್ತದೆ, ಅಲ್ಲಿ ಯಾರಿಗೂ ಬೆವರುವುದಿಲ್ಲ.

ಮೂರುದಾರಿ ಅವರೇ, ನಿಮ್ಮ ಮನೆಯವರ ಉಬ್ಬಸದ ವಿಷಯ ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ನಿಮ್ಮ ಹಾಳೆಯಲ್ಲಿ ಮೊದಲ ಸಾಲು ಅದಾಗಬೇಕಿತ್ತು. ಉಬ್ಬಸ ಯಾವುದರಿಂದ ಕೆರಳುತ್ತದೆ ಅಂತ ಪರೀಕ್ಷೆ ಮಾಡಿಸಿದ್ದೀರಾ?

ದಕ್ಷಿಣಗಾಳಿ:
ಅಕ್ಕ ಕೇಳಿದ್ದು ಒಳ್ಳೆಯದಾಯಿತು, ನಾನೇ ಮೊದಲು ಹೇಳಬೇಕಿತ್ತು. 2016ರ ನವೆಂಬರ್ 21. ಮೆಲ್ಬರ್ನ್‌ನಲ್ಲಿ ಸಂಜೆ ಗುಡುಗು ಮಳೆ ಬಂತು. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ. ಹತ್ತು ಜನ ಉಳಿಯಲಿಲ್ಲ. ಊರಿನ ಸುತ್ತ ರೈಗ್ರಾಸ್ ಅನ್ನುವ ಹುಲ್ಲು ಬೆಳೆಯುತ್ತದೆ. ಅದರ ಪರಾಗ ಸಾಮಾನ್ಯವಾಗಿ ದಪ್ಪ, ಮೂಗಿನಲ್ಲೇ ನಿಲ್ಲುತ್ತದೆ. ಬಿರುಗಾಳಿಯ ತೇವಕ್ಕೆ ಅದು ಒಡೆದು ಪುಡಿಯಾಗಿ ಶ್ವಾಸಕೋಶದ ಆಳಕ್ಕೆ ಇಳಿಯಿತು. ಅದುವರೆಗೆ ಉಬ್ಬಸವೇ ಇರದಿದ್ದವರೂ ಅವತ್ತು ಒದ್ದಾಡಿದರು. ಈಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸರ್ಕಾರ ದಿನಾ ಮುನ್ಸೂಚನೆ ಕೊಡುತ್ತದೆ. ಹುಲ್ಲಿನ ಪರಾಗ ಆಗದವರು ಆ ಮೂರು ತಿಂಗಳು ಔಷಧಿ ತಪ್ಪಿಸಬಾರದು, ಗುಡುಗು ಮುನ್ಸೂಚನೆ ಇದ್ದರೆ ಕಿಟಕಿ ಹಾಕಿ ಒಳಗಿರಬೇಕು.

ಹೆದರಿಸಲು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸದೆ ಬರಬೇಡಿ ಅಷ್ಟೇ.

ಮೂರುದಾರಿ:
ಇದು ಕೇಳಿಯೇ ಇರಲಿಲ್ಲ. ನಾನು ಉಬ್ಬಸ ಅಂದರೆ ಚಳಿಗೆ ಜಾಸ್ತಿ, ಬೆಚ್ಚಗಿದ್ದರೆ ಕಮ್ಮಿ ಅಂತ ಲೆಕ್ಕ ಹಾಕಿ ಮೆಲ್ಬರ್ನ್‌ಗೆ 8 ಕೊಟ್ಟಿದ್ದೆ. ಪರೀಕ್ಷೆಗೆ ಹೋಗುತ್ತೇವೆ. ಬಂದು ಬರೆಯುತ್ತೇನೆ.

(ಎರಡು ವಾರದ ನಂತರ)

ಮೂರುದಾರಿ:
ಫಲಿತಾಂಶ ಬಂತು. ಯಾವ ಹುಲ್ಲಿನ ಪರಾಗಕ್ಕೂ ಏನೂ ಇಲ್ಲ. ಧೂಳಿನ ಹುಳಕ್ಕೆ, ಡಸ್ಟ್ ಮೈಟ್ ಅಂತಾರಲ್ಲ, ಅದಕ್ಕೆ ಕೈ ಮೇಲೆ ರೂಪಾಯಿ ಅಗಲ ದದ್ದು. ಬೂಷ್ಟಿಗೂ ಸ್ವಲ್ಪ. ಹಾಸಿಗೆ, ದಿಂಬು, ಪರದೆ ಬಗ್ಗೆ ವೈದ್ಯರು ಅರ್ಧ ಗಂಟೆ ಪಾಠ ಮಾಡಿದರು. ಇದು ತಿಳಿದ ಮೇಲೆ ಹಾಳೆ ಹೇಗೆ ಬದಲಾಗುತ್ತದೆ ಅಕ್ಕ?

ಅಂಕಿಅಕ್ಕ:
ತಲೆಕೆಳಗಾಗುತ್ತದೆ.

ಧೂಳಿನ ಹುಳ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಮನೆಯೊಳಗಿನ ತೇವಾಂಶ ಶೇ 50ಕ್ಕಿಂತ ಕೆಳಗೇ ಉಳಿದರೆ ಅದಕ್ಕೆ ಬಾಳಲು ಕಷ್ಟ. ಈಗ ಕ್ಯಾಲ್ಗರಿ ನೋಡಿ. ಊರು ಸಮುದ್ರದಿಂದ ಸಾವಿರ ಮೀಟರ್ ಮೇಲೆ, ಗಾಳಿ ಮೊದಲೇ ಒಣ. ಹೊರಗಿನ ಮೈನಸ್ 15ರ ಗಾಳಿಯನ್ನು ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ 10ರ ಒಳಗೆ ಇಳಿಯುತ್ತದೆ. ನಾವು ಉಸಿರಾಡುವುದು, ಅಡುಗೆ, ಸ್ನಾನ ಎಲ್ಲ ಸೇರಿ ಸ್ವಲ್ಪ ಏರಬಹುದು. ಆದರೂ ಹುಳಕ್ಕೆ ಅದು ಮರುಭೂಮಿ.

ಡಬ್ಲಿನ್ ಇದಕ್ಕೆ ಉಲ್ಟಾ. ತಂಪು, ತೇವ, ಬಟ್ಟೆ ಒಣಗಿಸುವುದೂ ಮನೆಯೊಳಗೆ. ಹುಳಕ್ಕೂ ಬೂಷ್ಟಿಗೂ ಅದು ತವರುಮನೆ. ಮೆಲ್ಬರ್ನ್ ನಡುವೆ. ದಕ್ಷಿಣಗಾಳಿ ಅವರು ಹೇಳಿದಂಥ ಹಳೇ ಮನೆ ಸಿಕ್ಕಿದರೆ ಅಲ್ಲೂ ಗೋಡೆ ಕಪ್ಪಾಗುತ್ತದೆ.

ಹಳೇಛತ್ರಿ:
ಒಪ್ಪಲೇಬೇಕು. ನಮ್ಮ ಹಿಂದಿನ ಮನೆಯಲ್ಲಿ ಬೀರುವಿನ ಹಿಂದಿನ ಗೋಡೆ ಒಮ್ಮೆ ಸರಿಸಿ ನೋಡಿದೆ, ಭೂಪಟದ ಹಾಗೆ ಬೂಷ್ಟು ಹರಡಿತ್ತು. ತೇವ ಹೀರುವ ಯಂತ್ರ ದಿನಾ ಎರಡು ಲೀಟರ್ ನೀರು ಹಿಡಿಯುತ್ತಿತ್ತು. ನನ್ನ ವೋಟು ವಾಪಸ್. ಆದರೆ ಅಮ್ಮನ ನಡಿಗೆ?

ಚಳಿಪುರಾಣ:
ಗೆದ್ದೆ ಅಂತ ಕುಣಿಯುವ ಮುಂಚೆ ನಮ್ಮೂರಿನ ಹುಳುಕೂ ಹೇಳುತ್ತೇನೆ, ಇಲ್ಲದಿದ್ದರೆ ನಾಳೆ ನೀವು ನನಗೆ ಬೈಯುತ್ತೀರಿ.

ಉಬ್ಬಸಕ್ಕೆ ಹುಳ ಒಂದೇ ಶತ್ರು ಅಲ್ಲ. ಮೈನಸ್ 20ರ ಗಾಳಿ ಎಳೆದುಕೊಂಡರೆ ಎದೆ ಹಿಡಿಯುತ್ತದೆ. ಮೂಗು ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಯೇ ಹೊರಡಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆ. 2018, 2021, 2023ರಲ್ಲಿ ಕೆಲವು ದಿನ ಮಧ್ಯಾಹ್ನವೇ ಸೂರ್ಯ ಕೆಂಪು ನಾಣ್ಯದ ಹಾಗೆ ಕಾಣುತ್ತಿದ್ದ. ಮನೆಗೆ ಗಾಳಿ ಶುದ್ಧಿ ಮಾಡುವ ಯಂತ್ರ ಬೇಕು, ಎನ್95 ಮಾಸ್ಕ್ ಇಟ್ಟುಕೊಳ್ಳಬೇಕು. ಒಣ ಗಾಳಿಗೆ ಮಕ್ಕಳ ಮೂಗಿನಲ್ಲಿ ರಕ್ತ ಬರುತ್ತದೆ, ಮೊದಲ ವರ್ಷ ಹೆದರಬೇಡಿ. ಬಾಗಿಲ ಹಿಡಿ ಮುಟ್ಟಿದರೆ ಚುರ್ ಅಂತ ಶಾಕ್ ಹೊಡೆಯುತ್ತದೆ. ಮೈಗ್ರೇನ್ ಇರುವವರಲ್ಲಿ ಕೆಲವರಿಗೆ ಚಿನೂಕ್ ಬಂದರೆ ತಲೆ ಸಿಡಿಯುತ್ತದೆ. ಬೇಸಿಗೆಯಲ್ಲಿ ಆಲಿಕಲ್ಲು. 2020ರ ಜೂನ್‌ನಲ್ಲಿ ಊರಿನ ಈಶಾನ್ಯ ಭಾಗದ ಮನೆಗಳ ಹೊರಗೋಡೆಯೇ ತೂತು ಬಿದ್ದಿತ್ತು.

ಅಮ್ಮನ ವಿಷಯ ಅತಿ ಮುಖ್ಯ. ಚಿನೂಕ್ ಹಿಮ ಕರಗಿಸುತ್ತದೆ ಅಂದೆನಲ್ಲ, ರಾತ್ರಿ ಅದೇ ನೀರು ಕಾಲುದಾರಿಯ ಮೇಲೆ ಗಾಜಾಗುತ್ತದೆ. ಚಳಿಗಿಂತ ನನಗೆ ಭಯ ಇರುವುದು ಅದರದ್ದೇ. 68ರಲ್ಲಿ ಜಾರಿ ಬಿದ್ದು ಸೊಂಟ ಮುರಿದರೆ ಹವಾಮಾನದ ಚರ್ಚೆಯೆಲ್ಲ ವ್ಯರ್ಥ. ಬೂಟಿನ ಕೆಳಗೆ ತಗುಲಿಸುವ ಕಬ್ಬಿಣದ ಹಲ್ಲು ಸಿಗುತ್ತದೆ, ಅದಿಲ್ಲದೆ ಬಾಗಿಲು ದಾಟಿಸಬೇಡಿ. ಊರಿನ ನಡುಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆಗಳಿವೆ. ನೆಲದಿಂದ 15 ಅಡಿ ಮೇಲೆ ಇರುವುದರಿಂದ 'ಪ್ಲಸ್ 15' ಅಂತಲೇ ಹೆಸರು. ಹದಿನೈದು ಕಿಲೋಮೀಟರ್‌ಗೂ ಮಿಕ್ಕಿ ಬೆಚ್ಚಗೆ ನಡೆಯಬಹುದು. ಆದರೆ ನಿಮ್ಮ ಮನೆ ಊರ ಹೊರಗಿದ್ದರೆ ಅದು ಅಮ್ಮನಿಗೆ ದೂರದ ಬೆಟ್ಟವೇ.

ಆರುಗಂಟೆಹಗಲು:
ಚಳಿಗಾಲದಲ್ಲಿ ಒಂಟಿಯಾಗಿ ಮನೆಯೊಳಗೆ ಕೂರುವವರು ಯಾರು ಅಂತ ಯೋಚಿಸಿ. ನೀವು ಕೆಲಸಕ್ಕೆ, ಮಗಳು ಶಾಲೆಗೆ. ಉಳಿಯುವುದು ನಿಮ್ಮ ಅಮ್ಮನೇ. ಅವರನ್ನು ಕೇಳಿದಿರಾ?

ಮೂರುದಾರಿ:
ನಿಜ ಹೇಳಬೇಕೆಂದರೆ ಇಷ್ಟು ದಿನ ಕೇಳಿರಲಿಲ್ಲ. ನಿನ್ನೆ ರಾತ್ರಿ ಈ ಚರ್ಚೆಯನ್ನು ಮೊದಲಿಂದ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದದ್ದು ಇಷ್ಟು: 'ಉಸಿರು ಅವಳದ್ದು ನೋಡು. ನನ್ನ ಕಾಲಿಗೆ ಬೇಸಿಗೆ ಸಾಕು. ಚಳಿಗಾಲ ನಿನ್ನ ತಂಗಿ ಮನೆಯಲ್ಲಿ ಇರುತ್ತೇನೆ.' ನಾನು ಎರಡು ತಿಂಗಳು ಕೂಡಿಸಿ ಕಳೆದದ್ದನ್ನು ಅವರು ಎರಡು ನಿಮಿಷದಲ್ಲಿ ಮುಗಿಸಿದರು.

ಹಾಗಾಗಿ ಕ್ಯಾಲ್ಗರಿ. 2 ಅಂಕ ಕೊಟ್ಟಿದ್ದಕ್ಕೆ ಚಳಿಪುರಾಣ ಅವರ ಕ್ಷಮೆ ಕೇಳುತ್ತೇನೆ. ಜನವರಿಯಲ್ಲಿ ಸೇರಿಕೊಳ್ಳಿ ಅನ್ನುತ್ತಿದ್ದಾರೆ ಕಂಪನಿಯವರು. ಆಗಬಹುದಾ?

ಚಳಿಪುರಾಣ:
ಬೇಡ. ಸಾಧ್ಯವಾದರೆ ಆಗಸ್ಟ್‌ವರೆಗೆ ಮುಂದೂಡಲು ಕೇಳಿ ನೋಡಿ. ಬೆಚ್ಚಗಿರುವಾಗ ಇಳಿದರೆ ಮನೆ ಹುಡುಕುವುದು, ದಾರಿ ತಿಳಿಯುವುದು, ಸೆಪ್ಟೆಂಬರ್‌ನಲ್ಲಿ ಶಾಲೆ ಶುರು, ಎಲ್ಲ ಸರಾಗ. ಚಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಮೈಯೂ ಒಗ್ಗುತ್ತದೆ. ಅಕ್ಟೋಬರ್‌ನ 5 ಡಿಗ್ರಿಗೆ ನಡುಗುವ ನೀವೇ ಮಾರ್ಚ್‌ನ 5 ಡಿಗ್ರಿಗೆ ಜಾಕೆಟ್ ಬಿಚ್ಚುತ್ತೀರಿ. ಜನವರಿಯಲ್ಲಿ ಬರಲೇಬೇಕಾದರೆ ನೀವೊಬ್ಬರೇ ಬನ್ನಿ. ದಪ್ಪ ಕೋಟು ಅಲ್ಲಿಂದ ತರಬೇಡಿ, ಇಲ್ಲಿಗೆ ಬಂದು ಕೊಳ್ಳಿ. ಹಿಮ ಕಾಣದ ಊರಿನ 'ಚಳಿ ಕೋಟು' ಇಲ್ಲಿ ಅಕ್ಟೋಬರ್‌ಗೇ ಸೋಲುತ್ತದೆ.

ಅಂಕಿಅಕ್ಕ:
ಅಮ್ಮನಿಗೆ ಮೇ ಕೊನೆಗೆ ಟಿಕೆಟ್ ಮಾಡಿ, ಮೇ ಮೊದಲ ವಾರಕ್ಕೆ ಬೇಡ. ಅಲ್ಲಿ ಮೇ ತಿಂಗಳಲ್ಲೂ ಹಿಮ ಬೀಳುವುದುಂಟು.

ಮೂರುದಾರಿ:
ಆಗಸ್ಟ್‌ಗೆ ಒಪ್ಪಿದರು! ಮೊದಲು ನಾವು ಮೂವರು, ಅಮ್ಮ ಮುಂದಿನ ಮೇ ಕೊನೆಗೆ. ಜೂನ್‌ನಲ್ಲಿ ಅಲ್ಲಿ ಬೆಳಗಿನ ಐದೂವರೆಗೆ ಸೂರ್ಯ ಹುಟ್ಟಿ ರಾತ್ರಿ ಹತ್ತರ ಹತ್ತಿರ ಮುಳುಗುತ್ತಾನೆ ಅಂತ ಹೇಳಿದೆ. ಅಮ್ಮ ಕೇಳುತ್ತಿದ್ದಾರೆ, ಹಾಗಾದರೆ ಬೆಳಗಿನ ವಾಕಿಂಗ್ ಎಷ್ಟು ಹೊತ್ತಿಗೆ ಮುಗಿಯಬೇಕು ಅಂತ.

ಚಳಿಪುರಾಣ:
ಎರಡು ಹೊತ್ತೂ ಹೋಗಲಿ ಅನ್ನಿ. ನಮ್ಮ ಮನೆ ಹಿಂದೆಯೇ ನದಿ ದಂಡೆ, ನಮ್ಮಮ್ಮನೂ ಜೂನ್‌ಗೇ ಬರುತ್ತಾರೆ. ಜೊತೆ ಆಗುತ್ತದೆ.